ಶರಣಬಸಪ್ಪನ ಎರಡನೆಯ ಚುಕ್ಕಿ

ಮುಂಬಯಿಯ ಸಯನ್ ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ನಮ್ಮ ಖಾನಾವಳಿ. ಅಲ್ಲಿ ಬಹಳ ವರ್ಷದಿಂದ ಊಟ ಮಾಡುವವರು ಸೋಮವಾರ ಮಾತ್ರ ಪಲ್ಯವನ್ನು ಮೊದಲು ನಾಲಿಗೆಯ ತುದಿಗೆ ಹಚ್ಚಿಕೊಂಡು ನೋಡುತ್ತಾರೆ. ಯಾಕೆಂದರೆ ಅಡುಗೆ ಮಾಡುವ ಶರಣಬಸಪ್ಪನಿಗೆ ಕಾರ್ತಿಕ, ಶ್ರಾವಣ, ಮಾಘ ಎಂದು ವರ್ಷದಲ್ಲಿ ಹತ್ತಾರು ಸೋಮವಾರ ಉಪವಾಸ. ಆ ದಿನ ಒಂದು ಹನಿ ಸಾರನ್ನೂ ಬಾಯಿಗೆ ಬಿಟ್ಟುಕೊಳ್ಳುವುದಿಲ್ಲ. ಉಪ್ಪನ್ನು ಮೂಗಿನಿಂದ ನೋಡುತ್ತಾನೆ.

ಮೂವತ್ತೊಂದು ವರ್ಷದಿಂದ ಅವನ ಪಕ್ಕದ ಒಲೆಯಲ್ಲಿ ರೊಟ್ಟಿ ಬಡಿಯುತ್ತಿದ್ದೇನೆ. ನಾನು ರುಚಿ ನೋಡಿ ಹೇಳುತ್ತೇನೆ ಎಂದರೆ ಒಪ್ಪುವುದಿಲ್ಲ.

"ಮಾದೇವಕ್ಕ, ನೀ ರೊಟ್ಟಿ ಬಡಿ. ಎಣ್ಣಿಗಾಯಿ ನನ್ನ ಜೋಡಿ ಮಾತಾಡ್ತೈತಿ."

"ಮಾತಾಡಾಕ ಅದಕ್ಕ ಬಾಯಿ ಎಲ್ಲೈತೋ ತಮ್ಮಾ? ನಿನ್ನ ಉಪ್ಪಿಗೆ ಸುಟ್ಟ ಹೋಗೈತಿ."

ಇಂಥ ಮಾತಿಗೆಲ್ಲ ಅವನು ಹೆಗಲ ಮೇಲಿನ ಟವೆಲ್ಲಿನಿಂದ ಬೋಳು ತಲೆ ಒರೆಸಿಕೊಳ್ಳುತ್ತಾನೆ. ಸಿಟ್ಟು ಬಂದರೂ ಒರೆಸಿಕೊಳ್ಳುತ್ತಾನೆ, ನಗು ಬಂದರೂ ಒರೆಸಿಕೊಳ್ಳುತ್ತಾನೆ. ಯಾವುದು ಬಂತು ಎಂದು ತಿಳಿಯಬೇಕಾದರೆ ಕಿವಿ ನೋಡಬೇಕು. ಸಿಟ್ಟಾದರೆ ಕಿವಿ ಕೆಂಪಾಗುತ್ತದೆ.

ಶರಣಬಸಪ್ಪ ವಿಜಯಪುರ ಜಿಲ್ಲೆಯವನು. ಅವನ ಹಳ್ಳಿಗೆ ಬಸ್ಸು ಮುಂಜಾನೆ ಒಮ್ಮೆ, ಸಂಜೆ ಒಮ್ಮೆ. ಇಪ್ಪತ್ತೊಂದನೇ ವಯಸ್ಸಿಗೆ ಮುಂಬಯಿಗೆ ಬಂದು ಇದೇ ಖಾನಾವಳಿಯಲ್ಲಿ ತಾಟು ತೊಳೆದ, ಆಮೇಲೆ ಪಲ್ಯ ಹೆಚ್ಚಿದ, ಹಳೆಯ ಮಾಲೀಕರು ಊರಿಗೆ ಹೋದ ಮೇಲೆ ತಾನೇ ಮಾಲೀಕನಾದ. ಈಗ ಅರವತ್ತನಾಲ್ಕು. ಈ ನಲವತ್ತಮೂರು ವರ್ಷದಲ್ಲಿ ಅವನು ಕೈಗೆ ಗಡಿಯಾರ ಕಟ್ಟಿದ್ದನ್ನು ಯಾರೂ ಕಂಡಿಲ್ಲ. ಹುಡುಗನಾಗಿದ್ದಾಗ ಜೋಳದ ಹೊಲದ ಮಂಚಿಕೆಯ ಮೇಲೆ ಅಪ್ಪನ ಜೊತೆ ಕೂತು ಹಕ್ಕಿ, ಹಂದಿ ಕಾಯುತ್ತಿದ್ದವನು. ಚುಕ್ಕಿ ನೋಡಿ ಹೊತ್ತು ಹೇಳುವುದನ್ನು ಅಪ್ಪ ಕಲಿಸಿದ್ದ. ಮೂರು ಚುಕ್ಕಿ ಸಾಲಾಗಿ ನಿಂತದ್ದು ಕೂರಿಗಿ, ಬಿತ್ತುವ ಕೂರಿಗೆಯ ಹಾಗೆ. ಅದು ಬೇವಿನ ಮರ ದಾಟಿದರೆ ಇಷ್ಟು ಹೊತ್ತು, ನೆತ್ತಿಗೆ ಬಂದರೆ ಇಷ್ಟು ಹೊತ್ತು.

ಸಯನ್‌ನಲ್ಲಿ ಕೂರಿಗಿ ಎಲ್ಲಿಂದ ಬರಬೇಕು? ಆದರೂ ಖಾನಾವಳಿಯಿರುವ ನಮ್ಮ ಮೂರಂತಸ್ತಿನ ಹಳೆಯ ಬಿಲ್ಡಿಂಗಿನ ಟೆರೇಸಿಗೆ ದಿನಾ ದೀಪ ಹಚ್ಚುವ ಹೊತ್ತಿಗೆ ಹೋಗಿ ನಿಲ್ಲುತ್ತಿದ್ದ. ಇಲ್ಲಿನ ಆಕಾಶದಲ್ಲಿ ವರ್ಷವಿಡೀ ನೋಡಿದರೆ ಹನ್ನೊಂದು ಚುಕ್ಕಿ ತನಗೆ ಖಾಸಾ ಪರಿಚಯ ಎನ್ನುತ್ತಿದ್ದ. ಬಾಡಿಗೆದಾರರ ಸುದ್ದಿ ಹೇಳಿದ ಹಾಗೆ ಅವುಗಳ ಸುದ್ದಿ ಹೇಳುವನು: "ನೀರಿನ ಟಾಕಿ ಮ್ಯಾಲಿನವ ಇವತ್ತ ತಡಾ ಮಾಡಿದ ಅಕ್ಕಾ," ಅಥವಾ "ದವಾಖಾನಿ ಕಡೀಯಾವ ಮಂಕ ಆಗ್ಯಾನ." ಪೂರ್ವಕ್ಕೆ ಒಂದು ಟವರ್ ಎದ್ದಾಗ ಎರಡು ಚುಕ್ಕಿ ಅದರ ಹಿಂದೆ ಹೋದವು. ಆ ಬಿಲ್ಡರನಿಗೆ ಇವತ್ತಿಗೂ ಬೈಯುತ್ತಾನೆ. ಒಂದು ವರ್ಷದಿಂದ ಅವುಗಳಲ್ಲೊಂದಾದ ಹಳದಿ ಚುಕ್ಕಿಯೂ ಕಾಣಿಸುತ್ತಿರಲಿಲ್ಲ. ಅದು ಹೊಗೆಯ ಕೆಲಸ ಎಂದು ತೀರ್ಮಾನಿಸಿದ್ದ.

ಅವನ ಸೋಮವಾರಕ್ಕೂ ಚುಕ್ಕಿಗೂ ಗಂಟು. ದಿನವೆಲ್ಲ ಉಪವಾಸ ಇದ್ದು ಚುಕ್ಕಿ ನೋಡಿ ಉಣ್ಣಬೇಕು. ಅವರ ಅವ್ವ ಹಾಕಿಕೊಟ್ಟ ನೇಮ. ಒಂಟಿ ಚುಕ್ಕಿ ನೋಡಿ ಉಂಡರೆ ಕೇಡು; ಜೋಡಿ ಕಾಣಲೇಬೇಕು. ಊರಲ್ಲಿ ಈ ನೇಮ ಏನೂ ತ್ರಾಸದ್ದಲ್ಲ, ಅಂಗಳಕ್ಕೆ ಬಂದು ಕತ್ತು ಎತ್ತಿದರೆ ನೂರು ಕಾಣುತ್ತವೆ. ಮುಂಬಯಿಯಲ್ಲಿ ಎರಡನೆಯ ಚುಕ್ಕಿಗಾಗಿ ಅವನು ಒಂಬತ್ತರ ತನಕ ಹಸಿದು ಕೂತದ್ದು ಎಷ್ಟೋ ಸಲ. ಶ್ರಾವಣದ ಮೋಡದಲ್ಲಂತೂ ಒಮ್ಮೆ ಸೋಮವಾರದ ಊಟವನ್ನು ಬುಧವಾರ ಉಂಡಿದ್ದ.

ಈಗ ಅವನ ತಂಗಿ ಗಂಗುಬಾಯಿಯ ವಿಷಯ ಹೇಳಬೇಕು. ಆಕೆ ಊರಿನಲ್ಲಿ ಇಪ್ಪತ್ತೇಳು ವರ್ಷದಿಂದ ಅಂಗನವಾಡಿ ನಡೆಸುವವಳು. ಅಂಗನವಾಡಿ ಇರುವುದೂ ಇವರದೇ ಮನೆಯ ಪಡಸಾಲೆಯಲ್ಲಿ. ಮೊದಲು ಒಂದು ಪುಸ್ತಕದಲ್ಲಿ ಮಕ್ಕಳ ಹಾಜರಿ ಬರೆದರೆ ಮುಗಿಯುತ್ತಿತ್ತು. ಈಗ ದಿನಾ ಮಕ್ಕಳ ಫೋಟೋ, ತಾಯಂದಿರ ಫೋಟೋ ಮೊಬೈಲಿನಲ್ಲಿ ತೆಗೆದು ಮೇಲಿನ ಕಚೇರಿಗೆ ಕಳಿಸಬೇಕು. ಆ ಊರಲ್ಲಿ ನೆಟ್‌ವರ್ಕ್ ಸಿಗುವುದು ಒಂದೇ ಕಡೆ: ನೀರಿನ ಟ್ಯಾಂಕಿನ ಏಣಿಯ ಒಂಬತ್ತನೇ ಮೆಟ್ಟಿಲಲ್ಲಿ. ಐವತ್ತಾರು ವರ್ಷದ ಗಂಗುಬಾಯಿ ಸೀರೆ ಎತ್ತಿ ಕಟ್ಟಿ ದಿನಾ ಅಲ್ಲಿಗೆ ಹತ್ತುತ್ತಿದ್ದಳು. ಅಣ್ಣನಿಗೆ ಫೋನು ಮಾಡುವುದೂ ಅಲ್ಲಿಂದಲೇ. ಗಾಳಿಯಲ್ಲಿ ಕೂಗಿ ಕೂಗಿ, ಈಗ ಎದುರಿಗೆ ಕೂತಾಗಲೂ ಆಕೆ ಕೂಗಿಯೇ ಮಾತಾಡುತ್ತಾಳೆ.

ಹೋದ ದಸರಾಕ್ಕೆ ಮುಂಚೆ ಮೂರನೇ ಮೆಟ್ಟಿಲಿನಿಂದ ಜಾರಿ ಮಣಕಾಲು ಬಾತುಕೊಂಡಿತು. ಫೋಟೋ ನಿಂತವು. ತಾಲ್ಲೂಕಿನಿಂದ ಒಂದು ನೋಟೀಸು ಬಂತು, ಹದಿನೈದು ದಿನಕ್ಕೆ ಇನ್ನೊಂದು. ಮೂರನೆಯದು ಬಂದರೆ ಇಪ್ಪತ್ತೇಳು ವರ್ಷದ ಕೆಲಸ ಹೋದ ಹಾಗೆ.

ಅಷ್ಟರಲ್ಲಿ ಯಾವುದೋ ಕಂಪನಿಯವರು ಪಂಚಾಯಿತಿಗೆ ಬಂದರಂತೆ. ತಂತಿ ಬೇಡ, ಟವರ್ ಬೇಡ. ಮಾಳಿಗೆಯ ಮೇಲೆ ಒಂದು ತಟ್ಟೆ ಇಟ್ಟರೆ ಆಕಾಶದಲ್ಲಿ ತಿರುಗುವ ಉಪಗ್ರಹದಿಂದ ಇಂಟರ್‌ನೆಟ್ ಇಳಿಯುತ್ತದೆ, ನೋಡಲಿಕ್ಕೆ ಊರಿಗೊಂದು ಬಿಟ್ಟಿ ಕೊಡುತ್ತೇವೆ ಎಂದರಂತೆ. ಅಂಗನವಾಡಿಗೇ ಇಡುವುದೆಂದು ಪಂಚಾಯಿತಿ ಠರಾಯಿಸಿತು. ಮನೆ ಅಣ್ಣ-ತಂಗಿ ಇಬ್ಬರ ಹೆಸರಿನಲ್ಲಿದ್ದುದರಿಂದ ಕಾಗದಕ್ಕೆ ಶರಣಬಸಪ್ಪನ ಸಹಿಯೂ ಬೇಕಾಯಿತು.

ಆ ತಟ್ಟೆಗೂ ಬಯಲು ಆಕಾಶ ಬೇಕು, ಮರ ಅಡ್ಡ ಇರಬಾರದು. ಮಾಳಿಗೆಯ ಮೇಲೆ ಬೇವಿನ ಕೊಂಬೆ ಬಾರದ ಜಾಗ ಒಂದು ಹಾಸಿಗೆಯಷ್ಟು. ಖರೇ ಹೇಳಬೇಕೆಂದರೆ ಅದು ಒಂದು ಹಾಸಿಗೆಯೇ. ವರ್ಷಕ್ಕೆ ಎಂಟು ದಿನ ಊರಿಗೆ ಹೋದಾಗ ಶರಣಬಸಪ್ಪ ಅಂಗಾತ ಮಲಗುವ ಜಾಗ ಅದು.

"ನಾ ವರ್ಷಾನಗಟ್ಟಲೆ ಒಲಿ ಮುಂದ ಬೇಯೋದು ಆ ಎಂಟ ದಿನದ ಸಲುವಾಗಿ ಅಕ್ಕಾ," ಎಂದು ನನ್ನ ಮುಂದೆ ಗೊಣಗಿದ. ಆದರೂ ತಂಗಿಯ ನೌಕರಿ. ಇವತ್ತು ನಾಳೆ ಎನ್ನುತ್ತ, ಕಾರ್ತಿಕದ ಎರಡನೇ ಸೋಮವಾರ ಉಂಡ ಮೇಲೆ ಸಹಿ ಮಾಡಿ ಕಳಿಸುವುದೆಂದು ಕಾಗದವನ್ನು ಮಸಾಲೆ ಡಬ್ಬಿಯ ಕೆಳಗೆ ಇಟ್ಟ.

ಆ ಸೋಮವಾರವೇ ಎಡವಟ್ಟಾಯಿತು.

ಸಂಜೆ ಏಳಕ್ಕೆ ಟೆರೇಸಿಗೆ ಹೋದವನು ಹತ್ತೇ ನಿಮಿಷಕ್ಕೆ ಮೆಟ್ಟಿಲು ದಡದಡ ಇಳಿದು ಬಂದ. "ಹಚ್ಚು ಅಕ್ಕಾ ತಾಟ! ಇವತ್ತ ಭಾಳ ಲಗೂನ ಬಂದ ಎರಡನೇದಾಂವ. ಹೊಸಬ. ಏನ ಹೊಳಪ ಅಂತಿ!"

ವಿಮಾನ ಇರಬಹುದೇನೋ ಎಂದೆ. ನಮ್ಮ ತಲೆಯ ಮೇಲೆ ಎರಡು ನಿಮಿಷಕ್ಕೊಂದು ವಿಮಾನ.

"ಇಮಾನ ಕಣ್ಣ ಹೊಡೀತೈತಿ. ಇದು ಮರ್ಯಾದಸ್ಥ ಚುಕ್ಕಿ."

ಎರಡು ರೊಟ್ಟಿ ಮುಗಿದು ಮೂರನೆಯದು ಮುರಿಯುವಾಗ ಶ್ರೇಯಾ ಬಂದಳು. ಮೂರನೇ ಮಾಳಿಗೆಯ ಮಂಗಳೂರಿನವರ ಹುಡುಗಿ, ಕಾಲೇಜಿಗೆ ಹೋಗುತ್ತಾಳೆ. ಫೋನನ್ನು ಆಕಾಶಕ್ಕೆ ಹಿಡಿದರೆ ಅದು ಚುಕ್ಕಿಗಳ ಹೆಸರು ಹೇಳುತ್ತದೆ. ಬಟ್ಟೆ ತೆಗೆಯಲು ಟೆರೇಸಿಗೆ ಹೋಗಿದ್ದವಳು ನಗುನಗುತ್ತ ಅಂದಳು, "ಅಂಕಲ್, ನೀವು ಈಗ ಕೈ ಮುಗಿದ್ರಲ್ಲಾ, ವೋ ಸ್ಟಾರ್ ನಹೀ ಥಾ. ಅದು ಸ್ಯಾಟಲೈಟ್. ಇಂಟರ್‌ನೆಟ್‌ದು. ನೀವು ಕೆಳಗೆ ಬಂದ್ರಿ, ಅದು ಟವರ್ ಹಿಂದೆ ಹೋಗಿ ಆಯ್ತು. ಅದರ ಹಿಂದೆ ಇನ್ನೊಂದು ಬಂತು. ಸಾಲು ಉಂಟು ಅವರದ್ದು."

ಶರಣಬಸಪ್ಪನ ಬಾಯಿಯಲ್ಲಿ ತುತ್ತು ಇತ್ತು. ನುಂಗಲೂ ಇಲ್ಲ, ಉಗುಳಲೂ ಇಲ್ಲ. ಕಿವಿ ಮಾತ್ರ ಕೆಂಪಾಗುತ್ತ ಹೋಯಿತು. ಉಣ್ಣುತ್ತಿದ್ದ ಗಿರಾಕಿಗಳೆಲ್ಲ ಕೈ ತಡೆದು ಅವನ ದವಡೆಯನ್ನೇ ನೋಡುತ್ತಿದ್ದರು. ಕೊನೆಗೆ ನುಂಗಿದ. ಅನ್ನವನ್ನು ಉಗುಳಬಾರದು, ಅದೂ ಅವ್ವನ ನೇಮವೇ.

ಆ ಮೇಲೆ ತಾಟು ಸರಿಸಿ ಎದ್ದು, ಮಸಾಲೆ ಡಬ್ಬಿಯ ಕೆಳಗಿನ ಕಾಗದ ತೆಗೆದು ನನ್ನ ಕೈಗೆ ಕೊಟ್ಟ. "ಇದನ್ನ ಒಲಿಗಿ ಹಾಕು. ನಲವತ್ತಮೂರ ವರ್ಷ ಹಿಡದ ನೇಮ ಒಂದ ತಟ್ಟಿಯವರು ಕೆಡಿಸಿದರು. ನಮ್ಮ ಮಾಳಿಗಿ ಮ್ಯಾಲೆ ಅವರಿಗಿ ಒಂದ ಗೇಣ ಜಾಗಾ ಕೊಡಂಗಿಲ್ಲ."

ಕಾಗದವನ್ನು ನಾನು ಒಲೆಗೆ ಹಾಕಲಿಲ್ಲ. ಹಿಟ್ಟಿನ ಡಬ್ಬಿಯಲ್ಲಿ ಇಟ್ಟೆ.

ತಾಲ್ಲೂಕಿನ ಮಠದ ಅಯ್ಯನವರಿಗೆ ಫೋನು ಹೋಯಿತು. ಭಕ್ತಿಯಿಂದ ನೋಡಿದ್ದೀಯಲ್ಲ, ನಡೆಯುತ್ತದೆ ಬಿಡು ಎಂದರು ಅವರು. "ಅದು ನಡದದ್ದ ತಪ್ಪ ಆಗೈತ್ರಿ ಅಜ್ಜಾರ!" ಎಂದು ಇವನು ಫೋನಿಟ್ಟ. ತಾನೇ ಪ್ರಾಯಶ್ಚಿತ್ತ ಗೊತ್ತು ಮಾಡಿಕೊಂಡ: ಸೋಮವಾರದ ಜೊತೆಗೆ ಗುರುವಾರವೂ ಉಪವಾಸ. ಈಗ ಖಾನಾವಳಿಯಲ್ಲಿ ವಾರಕ್ಕೆ ಎರಡು ದಿನ ಉಪ್ಪಿನ ಭಯ. ಜೋಗೇಶ್ವರಿಯಿಂದ ಊಟಕ್ಕೆಂದೇ ಬರುತ್ತಿದ್ದ ವರ್ಕ್‌ಶಾಪಿನವರೊಬ್ಬರು ನನ್ನ ಬಳಿ ಬಂದು ಮೆಲ್ಲಗೆ, "ಅಮ್ಮಾ, ಆ ಸ್ಯಾಟಲೈಟಿನವರ ಜೋಡಿ ಇವರದು ರಾಜಿ ಮಾಡಿಸ್ರೀ. ನನಗ ಬಿ.ಪಿ. ಐತಿ," ಎಂದರು.

ಬಾತ ಮಣಕಾಲಿನಲ್ಲೇ ಒಂದು ಸಲ ಟ್ಯಾಂಕಿನ ಏಣಿ ಹತ್ತಿ ಗಂಗುಬಾಯಿ ಕೂಗಿದಳು, ಇವನು ಇಲ್ಲಿಂದ ಕೂಗಿದ, ಗಾಳಿ ನಡುವೆ ಕೂಗಿತು. ಮುಂದಿನ ಸೋಮವಾರ ಮಧ್ಯಾಹ್ನ ನೋಡಿದರೆ ಆಕೆಯೇ ಬಾಗಿಲಲ್ಲಿ ನಿಂತಿದ್ದಾಳೆ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಶೇಂಗಾ ಹೋಳಿಗೆಯ ಡಬ್ಬಿ. ಅವ್ವನ ನೇಮ ಆಕೆಗೂ ಉಂಟು, ಆಕೆಯೂ ಉಪವಾಸ. ಹೋಳಿಗೆಯನ್ನು ನಮ್ಮಿಬ್ಬರ ನಡುವೆ ಇಟ್ಟು ಮುಚ್ಚಳ ತೆರೆದು ಕೂತಳು. ಆ ವಾಸನೆಗೆ ಶರಣಬಸಪ್ಪ ಟವೆಲ್ಲಿನಿಂದ ತಲೆ ಒರೆಸಿದ್ದೇ ಒರೆಸಿದ್ದು.

"ಶನಿವಾರದೊಳಗ ತಟ್ಟಿ ಕುಂದರಸಲಿಲ್ಲಂದ್ರ ಅದು ಪಕ್ಕದ ಊರಿಗಿ ಹೋಗ್ತೈತಿ," ಎಂದು ಕೂಗಿದಳು. "ನನ್ನ ಮೂರನೇ ನೋಟೀಸ ಬರ್ತೈತಿ. ಆಮ್ಯಾಲೆ ನಾನೂ ಇಲ್ಲೇ ಬಂದ ನಿನ್ನ ತಾಟ ತೊಳೀತೀನಿ. ಹೂಂ, ಸಂಜೀಗಿ ನಿನ್ನ ಚುಕ್ಕಿ ತೋರಸು. ಯಾರ ಸಲುವಾಗಿ ನನ್ನ ನೌಕರಿ ತಗೀತಿ, ಅವರ ಮಾರೀನರ ನೋಡ್ತೀನಿ."

ಏಳಕ್ಕೆ ನಾವು ನಾಲ್ಕು ಜನ ಟೆರೇಸಿನಲ್ಲಿದ್ದೆವು. ಮಣಕಾಲು ನೋವಿನಲ್ಲೂ ಗಂಗುಬಾಯಿ ಮೂರು ಅಂತಸ್ತು ಹತ್ತಿದ್ದಳು, ಅಭ್ಯಾಸ ಬಲ. ಶ್ರೇಯಾ ಫೋನು ಹಿಡಿದು ತೀರ್ಪು ಹೇಳುವ ಪಂಚರ ಹಾಗೆ ನಿಂತಿದ್ದಳು. ನೀರಿನ ಟಾಕಿಯ ಮೇಲಿನವನು ಹೊತ್ತಿಗೆ ಸರಿಯಾಗಿ ಬಂದ. ಎರಡನೆಯವನು ಬರಲಿಲ್ಲ. ಏಳೂವರೆಯಾಯಿತು. ನಡುವೆ ಒಂದು ಹೊಳಪಾಗಿ ತೇಲಿ ಬಂತು. ಶರಣಬಸಪ್ಪ, "ಇದ ನೋಡ, ನಿನ್ನ ಕಳ್ಳ ಹೊಂಟ!" ಎಂದು ಅದಕ್ಕೆ ಬೆನ್ನು ಮಾಡಿ ನಿಂತ. ಎಂಟಾಯಿತು. ಗಂಗುಬಾಯಿಗೆ ಪಿತ್ತ ಕೆರಳಿತು.

"ಊರಾಗಾದ್ರ ಇಷ್ಟೊತ್ತಿಗಿ ಉಂಡ ಕೈ ತೊಳದಿರತಿದ್ದೆ."

"ಇನ್ನ ಒಂದ ವರ್ಷ ತಡಿ. ಊರಾಗೂ ನಡಿಯೋ ಚುಕ್ಕಿನ ತುಂಬತಾವ," ಎಂದ ಅವನು.

ಶ್ರೇಯಾ ಫೋನನ್ನು ಎತ್ತಿ ತಿರುಗಿಸುತ್ತಿದ್ದಳು. "ಇಲ್ಲಿ ಒಂದು ಉಂಟು ಅಂತ ತೋರಿಸ್ತದೆ ಆಂಟಿ. ಇಲ್ಲಿ ಕೂಡ ಒಂದು. ಪರ್ ದಿಖ್ತಾ ನಹೀ, ಕಣ್ಣಿಗೆ ಕಾಣುದಿಲ್ಲ. ಲೈಟ್ ಜಾಸ್ತಿ ಅಲ್ವಾ."

"ಯಾವ ಲೈಟ?" ಎಂದು ಗಂಗುಬಾಯಿ ಊರುಗೋಲೂರುತ್ತ ಕಟ್ಟೆಯ ಕಡೆಗೆ ಹೋದಳು. ಅಲ್ಲಿಂದ ಆಚೆ ಬಗ್ಗಿ ನೋಡಿದಳು. ಊರುಗೋಲಿನಿಂದ ಕೆಳಗೆ ತೋರಿಸಿದಳು.

ಅಲ್ಲಿ ನಮ್ಮ ಖಾನಾವಳಿಯ ಬೋರ್ಡಿತ್ತು. ಅದರ ಹಿಂದಿನ ವರ್ಷದ ದಸರಾಕ್ಕೆ ಹಾಕಿಸಿದ್ದು. ಆಳೆತ್ತರದ ಅಕ್ಷರ, ಹಾಲಿನಂಥ ಬೆಳಕು. ಸ್ಟೇಷನ್ನಿನ ಸೇತುವೆಯಿಂದ ಕಾಣಬೇಕೆಂದು ಶರಣಬಸಪ್ಪನೇ ಎಲೆಕ್ಟ್ರಿಷಿಯನ್‌ನ ಬೆನ್ನು ಹತ್ತಿ ಮೇಲ್ಮುಖ ಮಾಡಿಸಿದ್ದ. ಒಂದು ವರ್ಷದಿಂದ ದಿನಾ ಸಂಜೆ ಅದಕ್ಕೆ ಬೆನ್ನು ಮಾಡಿ ನಿಂತು ಚುಕ್ಕಿ ಹುಡುಕುತ್ತಿದ್ದ. ನನಗೂ ಹೊಳೆದಿರಲಿಲ್ಲ, ಅವನಿಗೂ ಹೊಳೆದಿರಲಿಲ್ಲ.

"ಅಣ್ಣಾ, ಇದು ನಿಂದ ಅಲ್ಲೇನು?"

"ಗಿರಾಕಿಗಿ ಕಾಣಬೇಕಲ್ಲ ಗಂಗೂ..."

"ನಿನ್ನ ರೊಟ್ಟಿ ಕಾಣಬೇಕಂದ್ರ ಆಕಾಶ ಸುಟ್ಟರೂ ನಡೀತೈತಿ. ನನ್ನ ಕೂಸುಗಳ ಮಾರಿ ಕಾಣಬೇಕಂದ್ರ ಮಾತ್ರ ಆಕಾಶ ನಿಮ್ಮಪ್ಪಂದು!"

"ನಮ್ಮಪ್ಪ ಅಂದ್ರ ನಿಮ್ಮಪ್ಪ ಅಲ್ಲೇನ?"

"ಅದಕ್ಕ ಮತ್ತ, ಅರ್ಧಾ ನಂದೂ ಐತಿ!"

ನಾನು ಕೆಳಗೆ ಹೋಗಿ ಬೋರ್ಡಿನ ಬಟನ್ ಒತ್ತಿ ಬಂದೆ. ಬರುವಷ್ಟರಲ್ಲಿ ಮೂವರೂ ಮೇಲೆ ಕತ್ತೆತ್ತಿ ನಿಂತಿದ್ದರು. ಮೊದಲು ಏನೂ ಇಲ್ಲ. ಊರೆಲ್ಲ ಬೆಳಕೇ, ನಮ್ಮದೊಂದು ಆರಿದರೆ ಎಷ್ಟು ಕತ್ತಲಾದೀತು? ಕಣ್ಣು ಒಗ್ಗಲು ಸ್ವಲ್ಪ ಹೊತ್ತು ಹಿಡಿಯಿತು. ಆ ಮೇಲೆ ಒಂದು ಸಣ್ಣದು ಕಂಡಿತು. ಅದರ ಪಕ್ಕ ಇನ್ನೊಂದು. ಶರಣಬಸಪ್ಪ ಬೆರಳು ಎತ್ತಿ ಎಣಿಸುತ್ತಿದ್ದವನು ಐದಕ್ಕೆ ನಿಂತುಬಿಟ್ಟ.

"ಅಕ್ಕಾ, ಹಳದಿಯಾಂವ. ಎಲ್ಲೂ ಹೋಗಿರಲಿಲ್ಲ. ಇಲ್ಲೇ ಇದ್ದ."

ಕಿವಿ ಕೆಂಪಾಗಿತ್ತೋ ಇಲ್ಲವೋ ಕತ್ತಲೆಯಲ್ಲಿ ಕಾಣಲಿಲ್ಲ. ಟವೆಲ್ಲಿನಿಂದ ತಲೆಯನ್ನಲ್ಲ, ಕಣ್ಣನ್ನು ಒರೆಸಿಕೊಂಡ. ಅಣ್ಣ-ತಂಗಿ ಇಬ್ಬರೂ ಕೈ ಮುಗಿದರು. ಅವುಗಳಲ್ಲಿ ನಡೆಯುವ ಚುಕ್ಕಿ ಒಂದೂ ಇಲ್ಲ ಎಂದು ಶ್ರೇಯಾಳ ಫೋನಿನಲ್ಲಿ ಖಾತ್ರಿ ಮಾಡಿಕೊಂಡೇ ಕೆಳಗಿಳಿದು ಹೋಳಿಗೆಗೆ ಕೈ ಹಾಕಿದರು.

ನಾನು ಹಿಟ್ಟಿನ ಡಬ್ಬಿಯಿಂದ ಕಾಗದ ತಂದು ಜೋಳದ ಹಿಟ್ಟು ಕೊಡವಿ ಮುಂದಿಟ್ಟೆ. ಬಾಯಲ್ಲಿ ಹೋಳಿಗೆ ಇದ್ದರೂ ಅವನ ವಾದ ನಿಲ್ಲಲಿಲ್ಲ.

"ಆತ ಗಂಗೂ, ನಂದು ತಪ್ಪ. ಆದರ ನನ್ನ ಬೋರ್ಡಿಗಿ ಬಟನ್ ಐತಿ. ಮಾದೇವಕ್ಕ ಒತ್ತಿದರ ಆರ್ತೈತಿ. ಮ್ಯಾಲೆ ಹೋದವಕ್ಕ ಯಾರ ಕೈಯಾಗ ಬಟನ್ ಐತಿ? ಸಾವಿರ ಆದ ಮ್ಯಾಲೆ ಯಾರಿಗಿ ಹೇಳೋಣು ಆರಸರೀ ಅಂತ?"

ಗಂಗುಬಾಯಿ ಅಗಿಯುವುದನ್ನು ನಿಲ್ಲಿಸಿದಳು. "ಅದು ನಂಗೂ ಗೊತ್ತಿಲ್ಲೋ ಅಣ್ಣಾ. ಕೂಸುಗಳಿಗೆ ಚುಕ್ಕಿ ತೋರಿಸಿ ಎಣಸಾಕ ಕಲಿಸೇನಿ ನಾನೂ. ಆದರ ನನ್ನ ಮಣಕಾಲಿಗಿ ಗೊತ್ತಿರೋದು ಏಣಿ ಒಂದ."

ಶರಣಬಸಪ್ಪ ತಂಗಿಯ ಮಣಕಾಲನ್ನು ನೋಡಿದ. ಜಿಡ್ಡಿನ ಕೈಯನ್ನು ಪಂಚೆಗೆ ಒರೆಸಿ ಸಹಿ ಮಾಡಿದ. ಒಂದು ಷರತ್ತು ಮಾತ್ರ ಹಾಕಿದ: ಬೇವಿನ ಕೊಂಬೆಗೆ ಕೊಡಲಿ ಇಡಕೂಡದು. ಆ ಜಾಗದಲ್ಲಿ ತಟ್ಟೆಯೂ ಇರಲಿ, ತನ್ನ ಹಾಸಿಗೆಯೂ ಇರಲಿ, ಇಬ್ಬರೂ ಒತ್ತಿಕೊಂಡು ಮಲಗುತ್ತಾರೆ.

ಶನಿವಾರ ತಟ್ಟೆ ಕೂತಿತು. ಮೂರನೆಯ ನೋಟೀಸು ಬರಲಿಲ್ಲ. ಖಾನಾವಳಿಯಲ್ಲಿ ಸೋಮವಾರ ಶರಣಬಸಪ್ಪ ಉಣ್ಣುವವರೆಗೂ ಬೋರ್ಡು ಹಚ್ಚುವುದಿಲ್ಲವೆಂದು ನೇಮವಾಯಿತು. ಇದರಿಂದ ಗಿರಾಕಿಗಳಿಗೂ ಅನುಕೂಲ. ಸೇತುವೆಯ ಮೇಲಿಂದ ನೋಡಿ ಬೋರ್ಡು ಆರಿದ್ದರೆ, ಇವತ್ತು ಉಪ್ಪು ಜಾಸ್ತಿ ಎಂದು ತಿಳಿದು ಮೊಸರು ಕಟ್ಟಿಸಿಕೊಂಡೇ ಬರುತ್ತಾರೆ.

ಎಳ್ಳ ಅಮಾವಾಸ್ಯೆಗೆ ಅವನು ಊರಿಗೆ ಹೋದ. ಹೋಗುವಾಗ, ಆ ತಟ್ಟೆಯಿಂದಲೇ ವಿಡಿಯೋ ಕಾಲ್ ಮಾಡಿ ನಮಗೆಲ್ಲ ಅಸಲು ಆಕಾಶ ತೋರಿಸುತ್ತೇನೆಂದು ಹೇಳಿ ಹೋಗಿದ್ದ. ಹೇಳಿದಂತೆ ಸಂಜೆ ಏಳೂವರೆಗೆ ಶ್ರೇಯಾಳ ಫೋನಿಗೆ ಕಾಲ್ ಬಂತು. ನಾನು ಒಲೆ ಸಣ್ಣ ಮಾಡಿ ಹೋದೆ. ಉಣ್ಣುತ್ತಿದ್ದವರೂ ಎಂಜಲು ಕೈಯಲ್ಲೇ ಸುತ್ತ ನಿಂತರು.

ಮಾತು ಎದುರಿಗೇ ನಿಂತಂತೆ ಸ್ವಚ್ಛ ಕೇಳಿಸುತ್ತಿತ್ತು. ಫೋನಿನಲ್ಲಿ ಮಾತ್ರ ಕಪ್ಪು. ಹೊತ್ತಿದ ಹೆಂಚಿನ ಹಾಗೆ ಬರೀ ಕಪ್ಪು.

"ಕಾಣ್ತಾವೇನ ಅಕ್ಕಾ? ಎಷ್ಟ ಅದಾವ ನೋಡ! ಹಾಲ ಚೆಲ್ಲಿದಂಗ ಐತಿ. ನಡಿಯೋವೂ ಅದಾವ, ಈಗಿನ್ನ ಹನ್ನೊಂದ ಹಾದ ಹೋದವು. ಸುಡಗಾಡಿನವು ಹೋಗಲಿ, ಉಳದವನ್ನ ನೋಡ!"

ಶ್ರೇಯಾ, "ಅಂಕಲ್, ಕುಛ್ ಭೀ... ಏನೂ..." ಎಂದು ಬಾಯಿ ತೆರೆದಳು. ನಾನು ಆಕೆಯ ತೋಳು ಚಿವುಟಿದೆ.

"ಕಾಣ್ತಾವ ತಮ್ಮಾ," ಎಂದೆ. "ಎಲ್ಲಾ ಕಾಣ್ತಾವ. ನಿನ್ನ ಕೂರಿಗೀನೂ ಕಾಣ್ತೈತಿ, ಮೂರೂ ಸಾಲಾಗಿ."

ಆ ಕಡೆ ಅವನು ಹಾಸಿಗೆಯ ಮೇಲೆ ಎದ್ದು ಕೂತ ಸದ್ದಾಯಿತು.

"ಸುಳ್ಳ ಹೇಳಬ್ಯಾಡ ಅಕ್ಕಾ. ಕೂರಿಗಿ ಇನ್ನೂ ಬೇವಿನ ಗಿಡದ ಹಿಂದ ಐತಿ."

ಎಲ್ಲರೂ ಹೋ ಎಂದು ನಕ್ಕರು. ಅವನೂ ನಕ್ಕ. ಆಗ ಹಿಂದಿನಿಂದ ಗಂಗುಬಾಯಿಯ ಕೂಗು, ಏಣಿ ಬಿಟ್ಟು ಇಳಿದರೂ ಆ ಗಂಟಲು ಮಾತ್ರ ಇಳಿದಿರಲಿಲ್ಲ: "ಅಣ್ಣಾ, ಇಡೋ ಆ ಫೋನಾ! ಕಾಣದ ಚುಕ್ಕಿ ತೋರಸ್ತಾನ, ಇಲ್ಲೆ ನನ್ನ ಕೂಸುಗಳ ಫೋಟೋ ಹೋಗಾಕತ್ತಿಲ್ಲ!"

"ಇಡ್ತೀನಿ ಮಾರಾಯ್ತಿ. ಅಕ್ಕಾ, ಬ್ಯಾಸಗಿಗಿ ನೀ ಬಾ. ಇದರಾಗ ಬರೋವಲ್ಲ ಇವು. ಮಾಳಿಗಿ ಮ್ಯಾಲೆ ಇನ್ನೊಂದ ಹಾಸಿಗಿಗಿ ಜಾಗಾ ಮಾಡ್ತೀನಿ. ತಟ್ಟಿ ಸ್ವಲ್ಪ ಸರಕೋತೈತಿ."

ಬೇಸಿಗೆಗೆ ಟಿಕೀಟು ತೆಗೆಸಲು ಶ್ರೇಯಾಳಿಗೆ ಹೇಳಿದ್ದೇನೆ. ಅದನ್ನೂ ಅವಳು ಫೋನಿನಲ್ಲೇ ತೆಗೆಯುತ್ತಾಳಂತೆ.